ಅಜ್ಜನ ಬಗ್ಗೆ ನಾಲ್ಕು ಸಾಲು

ಪುಣೆಯ ಕೋಥರೂಡದ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು. ಚಿಕ್ಕವಳು ಭಾಗ್ಯಾ. ಹಿರಿಯರನ್ನು ಅವಳು ಗೌರವಕ್ಕೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು.

“ಭಾಗ್ಯಾ, ನಿನ್ನ ಮಗಳು ಸೋನಾಲಿ ಇನ್ನೂ ಕಥಿ ಬರೀತಾಳೇನು?”

“ಬರೀತಾಳ್ರಿ ವೈನಿ. ದಿನಾ ಸಂಜಿಗೆ ನಾನ ಕೂಡಿಸಿ, ಒಂದೊಂದ ಸಾಲು ಹೇಳಿ ಬರಸ್ತೀನಿ. ಸಾಲ್ಯಾಗ ಬಹುಮಾನಾನೂ ಬಂತು.”

“ಚಲೋ ಆತಲ್ಲ.”

“ಹೋದ ತಿಂಗಳ ನಮ್ಮಪ್ಪ ತೀರಕೊಂಡ್ರಲ್ರಿ. ಈ ಸಲ ನಾ ಏನೂ ಹೇಳಂಗಿಲ್ಲ, ಅಜ್ಜನ ಬಗ್ಗೆ ನಿನಗ ಅನಿಸಿದ್ದ ಬರಿ ಅಂದೆ.”

“ಬರದಳೇನು?”

“ಪೆನ್ಸಿಲ್ ಹಿಡಕೊಂಡು ಭಾಳ ಹೊತ್ತು ಕೂತಳು. ಆಮ್ಯಾಲ, ‘ಅವ್ವಾ, ನನಗ ಏನ ಅನಿಸ್ತು ಅಂತ ಬರೀಲಿ?’ ಅಂತ ಕೇಳಿದಳ್ರಿ.”



“ನೀ ಏನಂದಿ?”

ಬಸ್ಸು ಬಂತು. ಭಾಗ್ಯಾ ಚೀಲ ಎತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಳು.

“ನಾನ ನಾಲ್ಕ ಸಾಲು ಹೇಳಿದೆರಿ. ಬರಕೊಂಡಳು.”