ನೋಣಯ್ಯ ‘ಓ’ ಅಂದದ್ದು ಹೌದಾ?

ದೀಪ ಸ್ವಲ್ಪ ಸಣ್ಣ ಮಾಡಿ... ಹೇಳ್ತೇನೆ. ಇದು ನನ್ನ ದೊಡ್ಡಪ್ಪನ ಮಗ ಚನಿಯಪ್ಪಣ್ಣನಿಗೆ ಆದದ್ದು. ಐವತ್ತೆಂಟನೇ ಇಸವಿ. ನಾವೆಲ್ಲ ಆಗ ಒಂದೇ ಮನೆಯಲ್ಲಿ.

ಅಣ್ಣ ಮೆಲ್ಕಾರಿನಿಂದ ಒಬ್ಬನೇ ನಡೆದು ಬರ್ತಾ ಇದ್ದ. ರಾತ್ರಿ ಒಂಬತ್ತು ಗಂಟೆ ದಾಟಿತ್ತು. ದಾರಿಯಲ್ಲಿ ಒಂದು ಹಾಳು ಬಾವಿ ಉಂಟು. ಅದರ ಹತ್ತಿರ ಬಂದಾಗ ಒಳಗಿಂದ ಶಬ್ದ... ಕರ್... ಕರ್... ಕೆಂಪುಕಲ್ಲಿನ ಮೇಲೆ ಸಲಿಕೆ ಎಳೆದ ಹಾಗೆ.

ಅಣ್ಣ ನಿಂತುಬಿಟ್ಟ. ಆ ಶಬ್ದ ಅವನಿಗೆ ಗೊತ್ತಿತ್ತು.

ಯಾಕೆ ಅಂದರೆ, ಪಾಣೆಮಂಗಳೂರಿನ ಹತ್ತಿರ ಆಗ ನೂಲು ಬಿಳಿ ಮಾಡುವ ಒಂದು ಶೆಡ್ಡು ಇತ್ತು. ನೂಲನ್ನು ಮೊದಲು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದುವುದು, ಆಮೇಲೆ ಆಸಿಡ್ ನೀರಿನಲ್ಲಿ. ಎರಡೂ ತೊಟ್ಟಿಯ ಕೊಳೆನೀರು ಹೊರಗಿನ ಒಂದೇ ಗುಂಡಿಗೆ. ಅಲ್ಲಿ ಸುಣ್ಣ ಹಾಕಿ, ತಿಳಿಯಾದ ಮೇಲೆ ಹೊಳೆಗೆ. ಗುಂಡಿ ನೋಡಿಕೊಳ್ಳುವವ ನೋಣಯ್ಯ. ಆಸಿಡ್ ತೊಟ್ಟಿಗೆ ನಮ್ಮ ಅಣ್ಣ. ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು.

ಆ ಎರಡು ನೀರು ಸೇರಿದರೆ ವಿಷದ ಹೊಗೆ ಏಳ್ತದೆ. ಅದಕ್ಕೆ ಅವರೇ ಒಂದು ಕ್ರಮ ಮಾಡಿಕೊಂಡಿದ್ದರು. ಅಣ್ಣ “ಬಿಡುವುದಾ?” ಅಂತ ಕೂಗಬೇಕು. ನೋಣಯ್ಯ ಗುಂಡಿ ಖಾಲಿ ಮಾಡಿ, ಮೇಲೆ ಬಂದು “ಓ” ಅನ್ನಬೇಕು. ಆಮೇಲೆಯೇ ತೊಟ್ಟಿಯ ಬಿರಡೆ ಕೀಳುವುದು.

ಆ ದಿನ ಶೆಡ್ಡಿನ ಮೇಸ್ತ್ರಿ ಅಣ್ಣನ ಬೆನ್ನ ಹಿಂದೆಯೇ ನಿಂತಿದ್ದ. “ಎಷ್ಟು ಹೊತ್ತು ಮಾರಾಯ? ಲಾರಿ ಕಾಯ್ತಾ ಉಂಟು.”

ಅಣ್ಣ ಕೂಗಿದ. ಉತ್ತರ ಬರಲಿಲ್ಲ. ಬಿರಡೆ ಕಿತ್ತ.

ನೋಣಯ್ಯ ಗುಂಡಿಯ ಒಳಗೆ ಬಗ್ಗಿ ಸಲಿಕೆಯಲ್ಲಿ ತಳದ ಬ್ಲೀಚಿಂಗ್ ಕೆಸರು ಕೆರೆಯುತ್ತಿದ್ದ. ಹಳದಿ ಹಳದಿ ಹೊಗೆ ಎದ್ದಿತು... ಅಣ್ಣನೇ ಹೆಗಲ ಮೇಲಿನ ಬೈರಾಸು ಒದ್ದೆ ಮಾಡಿ ಮೂಗಿಗೆ ಕಟ್ಟಿ ಅವನನ್ನು ಎಳೆದು ಹಾಕಿದ. ಕೆಮ್ಮಿ ಕೆಮ್ಮಿ, ಸಂಜೆಯೊಳಗೆ ನೋಣಯ್ಯನ ಜೀವ ಹೋಯಿತು.

ಅವನ ಹೆಂಡತಿ ಸುಂದರಿಗೆ ಮೇಸ್ತ್ರಿ ಹೇಳಿದ್ದೇ ಬೇರೆ. “ನಿನ್ನ ಗಂಡನೇ ಒಳಗಿಂದ ‘ಓ’ ಅಂದ. ನಾವು ಏನು ಮಾಡುವುದು?” ಅಣ್ಣ ಪಕ್ಕದಲ್ಲೇ ಇದ್ದ. ಬಾಯಿ ಬಿಡಲಿಲ್ಲ.

ಅದಾಗಿ ಹದಿನೇಳು ದಿನಕ್ಕೆ ಈ ಬಾವಿ...

ಕರ್ ಕರ್ ನಿಂತಿತು. ಖೊಕ್... ಖೊಕ್... ಒಣ ಕೆಮ್ಮು. ಆಮೇಲೆ ಕಿವಿಯ ಹತ್ತಿರವೇ, ಮೆಲ್ಲಗೆ—

“ಚನಿಯಾ... ನಾನು ‘ಓ’ ಅಂದದ್ದು ಹೌದಾ?”

ಸಿಟ್ಟಿನಲ್ಲಿ ಅಲ್ಲ ಮಾರಾಯ್ರೆ. ನಿಜವಾಗಿ ನೆನಪಿಲ್ಲದವ ಕೇಳುವ ಹಾಗೆ.

“ಇಲ್ಲ...” ಅಂದ ಅಣ್ಣ. “ನೀನು ಅನ್ನಲಿಲ್ಲ ನೋಣಯ್ಯ.”

“ಹಾಗಾದರೆ... ಅವಳಿಗೆ ಹೇಳು.”

ಅಣ್ಣ ಮನೆಗೆ ಬರಲಿಲ್ಲ. ನೇರ ಸುಂದರಿಯ ಅಂಗಳಕ್ಕೆ ಹೋದ. ಮಕ್ಕಳು ಮಲಗಿದ್ದರು, ಅವಳು ಎದ್ದೇ ಇದ್ದಳು. ನಿಂತಲ್ಲೇ ಎಲ್ಲ ಹೇಳಿದ. ಅವಳು ಬಯ್ಯಲಿಲ್ಲ, ಹೊಡೆಯಲಿಲ್ಲ. ಇಷ್ಟೇ ಅಂದಳು, “ಇಷ್ಟು ದಿನ ನಾನು ಅವರಿಗೇ ಬೈದೆ, ಚನಿಯಣ್ಣ. ಒಳಗಿದ್ದೇ ‘ಓ’ ಅನ್ನುವಾಗ ಮಕ್ಕಳ ನೆನಪೂ ಆಗಲಿಲ್ಲವಾ ನಿಮಗೆ ಅಂತ... ಸತ್ತವರಿಗೆ ಬೈದೆ. ತಪ್ಪಾಯಿತು ಅಂತ ಇನ್ನು ಯಾರ ಹತ್ತಿರ ಹೋಗಿ ಹೇಳಲಿ?”

ಮರುದಿನ ಅಣ್ಣ ಶೆಡ್ಡಿನಲ್ಲಿ ಎಲ್ಲರ ಎದುರು, ಮೇಸ್ತ್ರಿಯ ಮುಖ ನೋಡಿಯೇ, ಸತ್ಯ ಹೇಳಿದ. ಅಣ್ಣನ ಕೆಲಸ ಹೋಯಿತು. ಆಸಿಡ್ ನೀರಿಗೆ ಬೇರೆ ಗುಂಡಿ ತೋಡಿದ್ದು ಆಮೇಲೆ.

ಆ ರಾತ್ರಿ ಅಣ್ಣ ಹಾಕಿದ್ದು ನೀಲಿ ಅಂಗಿ. ಒಗೆದವಳು ನಾನು. ಬಲ ಹೆಗಲಿನ ಮೇಲೆ ಐದು ಬೆರಳಿನ ಗುರುತು, ಬಣ್ಣ ಹೋಗಿ ಬೆಳ್ಳಗೆ. ಶೆಡ್ಡಿನ ಕಲೆ ಅಂತೀರಿ... ಆ ಅಂಗಿ ಶೆಡ್ಡು ಕಂಡದ್ದೇ ಇಲ್ಲ, ಹೊಸತು. ಈ ಕಣ್ಣಿನಲ್ಲಿ ನೋಡಿದ್ದೇನೆ ನಾನು.