ಚರ್ಮದ ಒಳಮೈ

ಮಾನ್ಯ ಅಧ್ಯಕ್ಷೆ ಗ್ರೆಚೆನ್ ಹಾಲ್ವರ್ಸನ್ ಅವರೇ, ನಮ್ಮ ಮ್ಯೂಸಿಯಂ ಸಮಿತಿಯವರೇ, ಪೈ ಮಾಡಿ ತಂದ ಚರ್ಚಿನ ತಾಯಂದಿರೇ, ಆ ಪೈಗಾಗಿಯೇ ಬಂದಿರುವ ಸಭಿಕರೇ,

ಮೂವತ್ತೆಂಟು ವರ್ಷ ದನಗಳ ಮೈಮೇಲೆ ಸುಟ್ಟ ಒಡೆತನದ ಮುದ್ರೆ ಪರೀಕ್ಷಿಸಿಕೊಂಡಿದ್ದ ವರ್ಲಿನ್ ಟಾಸ್ಕರ್ ಒಂದು ದಿನ ಪುಸ್ತಕ ಬರೆದಾನೆಂದು ಯಾರು ತಾನೇ ಎಣಿಸಿದ್ದರು? ನಾನಂತೂ ಎಣಿಸಿರಲಿಲ್ಲ. ಬರೆಸಿದವಳು ನನ್ನ ಹೆಂಡತಿ ಐವಾ. "ಅಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತು, ಇನ್ನೂ ಯಾರಿಗ್ರೀ ಹೆದರ್ತೀರಿ?" ಎಂದಳು. ಅವಳಿಗೆ ನನ್ನ ಮೊದಲ ಕೃತಜ್ಞತೆ.

ನನ್ನ ಹಿಂದಿನ ಗೋಡೆಯ ಮೇಲಿರುವ ಈ ಹಸುವಿನ ಚರ್ಮವನ್ನು ನೋಡಿ ಬೆಳೆಯದವರು ಈ ಊರಿನಲ್ಲಿ ಯಾರಿದ್ದಾರೆ? ಕೂದಲಿನ ಮೇಲೆ, ಆಗ ಇಲ್ಲಿನ ದೊಡ್ಡ ದನದ ಹಿಂಡುಗಳ ಒಡೆಯನಾಗಿದ್ದ ಬಾಸ್ಕಮ್ ದೊರೆಯ ಮುದ್ರೆ, ಪೂರ್ತಿ ವೃತ್ತ, ನಡುವೆ ಗೆರೆ. ೧೮೯೧ರಲ್ಲಿ ಇದು ಎಲೈಯಸ್ ಪ್ರೂಯಿಟ್‌ನ ಕೊಟ್ಟಿಗೆಯಲ್ಲಿ ಸಿಕ್ಕಿತು. ದನಗಳ್ಳನೆಂದು ಅವನನ್ನು ಹೊಳೆದಂಡೆಯ ಮರಕ್ಕೆ ನೇಣು ಹಾಕಿದರು. ಅವನ ಮಗಳು ಹೆಸ್ಟರ್‌ಗೆ ಆಗ ಒಂದು ವರ್ಷ. ತೊಂಬತ್ತು ವರ್ಷ ಆಕೆ ಇದೇ ಊರಲ್ಲಿ ಕಳ್ಳನ ಮಗಳಾಗಿಯೇ ಬಾಳಿದಳು.

ನಮ್ಮ ಕೆಲಸದಲ್ಲಿ ಒಂದು ಮಾತುಂಟು: ಅನುಮಾನ ಬಂದರೆ ಕೂದಲು ನೋಡಬೇಡ, ಚರ್ಮ ಮಗುಚು. ಹಳೆಯ ಮುದ್ರೆಗೆ ಹೊಸ ಗೆರೆ ಸೇರಿಸಿ ಸುಟ್ಟರೆ ಹೊರಗೆ ಎಲ್ಲ ಒಂದೇ ಕಾಣುತ್ತದೆ. ಒಳಮೈಯಲ್ಲಿ ಮಾತ್ರ ಹಳೆಯದು ಬೇರೆಯಾಗಿ ಎದ್ದು ಕಾಣುತ್ತದೆ. ಹಿಮದ ಭಾರಕ್ಕೆ ಈ ಮ್ಯೂಸಿಯಂನ ಮಾಡು ಕುಸಿಯಿತಲ್ಲ, ಆಗ ಸಾಮಾನು ಸಾಗಿಸಲು ನಾನೂ ಬಂದಿದ್ದೆ. ಚರ್ಮ ಇಳಿಸಿದೆ, ಅಭ್ಯಾಸಬಲ ನೋಡಿ, ಮಗುಚಿದೆ. ಅಲ್ಲಿ ಅರ್ಧ ವೃತ್ತ. ಪ್ರೂಯಿಟ್‌ನ ಮುದ್ರೆ! ಉಳಿದರ್ಧ ಮತ್ತು ಗೆರೆ, ಹಸು ತನ್ನದೆನ್ನಿಸಲು ಬಾಸ್ಕಮ್ ಆಮೇಲೆ ಸುಡಿಸಿದ್ದು. ಪಾಪ, ಆ ಮನುಷ್ಯ ಕೊಯ್ದದ್ದು ತನ್ನದೇ ಹಸುವನ್ನು.

ಪಕ್ಕದಲ್ಲಿ ನನ್ನ ಮಾವನವರು ನಿಂತಿದ್ದರು. ಬಾಸ್ಕಮ್‌ನ ಮೊಮ್ಮಗ, ಈ ಕಟ್ಟಡದ ದಾನಿ. ಒಂದು ಕ್ಷಣ ನೋಡಿದರು. "ಸತ್ತೋನು ಎದ್ದು ಬರ್ತಾನೇನ್ರಿ ಅಳಿಯಂದ್ರೇ? ಇದ್ದ ಹಾಗೇ ಮೊಳೆ ಹೊಡೆದುಬಿಡಿ" ಎಂದರು. ಹೊಡೆದೆ. ನನಗೂ ಆಗ ಮೂವತ್ಮೂರು ವಯಸ್ಸು, ಹೊಸ ಮದುವೆ...

ನಿಮ್ಮಲ್ಲಿ ಕೆಲವರು ಆಗಲೇ ಬೆರಳು ಮಡಚಿ ವರ್ಷ ಎಣಿಸುತ್ತಿದ್ದೀರಿ. ಮಾಡು ಕುಸಿದದ್ದು ೧೯೭೯ರಲ್ಲಿ. ಹೌದು ಸ್ವಾಮಿ, ಹೌದು.

ಇಂದು ಬಾಗಿಲಲ್ಲಿ ಹೆಸ್ಟರ್‌ರ ಮಗಳು ಲವಾನ್ ನನ್ನ ಕೈ ಹಿಡಿದುಕೊಂಡರು. ಎಂಬತ್ನಾಲ್ಕು ವರ್ಷದ ಹೆಂಗಸು, ನೂರು ಮೈಲಿ ಬಂದಿದ್ದಾರೆ. "ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪಾ. ಅಮ್ಮ ಈ ಬಾಗಿಲ ತನಕ ಬರೋಳು, ಒಳಗೆ ಬರ್ತಿರಲಿಲ್ಲ. ಅವಳಿದ್ದಾಗ್ಲೇ ನಿನಗೆ ಇದು ಕಂಡಿದ್ರೆ ಎಷ್ಟು ಚೆನ್ನಾಗಿತ್ತು!" ಎಂದರು. ನಾನು ತಲೆಯಾಡಿಸಿ ಒಳಗೆ ಬಂದುಬಿಟ್ಟೆ. ಎಂಥ ಹೇಡಿ ನೋಡಿ!

ಲವಾನ್ ಅವರೇ, ನನಗೆ ಕಂಡಾಗ ನಿಮ್ಮ ತಾಯಿ ಇದ್ದರು. ಇನ್ನೂ ಎರಡು ವರ್ಷ ಇದ್ದರು. ನಾಲ್ಕು ಬೀದಿ ಆಚೆ ಇದ್ದರು. ನಾನು ಹೋಗಲಿಲ್ಲ. ನಿಮ್ಮ ಕ್ಷಮೆ ಕೇಳುವ ಯೋಗ್ಯತೆಯೂ ನನಗಿಲ್ಲ. ನೀವು ಎದ್ದು ಹೋದರೆ ನ್ಯಾಯವೇ. ಆದರೂ ಕೂತಿದ್ದೀರಿ, ಕೇಳುತ್ತಿದ್ದೀರಿ. ಈ ಸಂಜೆ ನನಗೆ ಸಂದ ದೊಡ್ಡ ಉಪಕಾರ ಅದೇ.

ಸಭಿಕರೇ, ಪುಸ್ತಕದ ನೂರಹನ್ನೆರಡನೆಯ ಪುಟದಲ್ಲಿ, "ಮೂರು ವರ್ಷಗಳ ಹಿಂದೆ ನಾನು ಈ ಚರ್ಮವನ್ನು ಮೊದಲ ಬಾರಿ ಮಗುಚಿದೆ" ಎಂದು ಅಚ್ಚಾಗಿದೆ. ಅದು ನಾನು ಬೇಕೆಂದೇ ಬರೆದ ಸುಳ್ಳು. ಸಹಿಗೆ ಬರುವವರು ದಯವಿಟ್ಟು ಆ ಪುಟವನ್ನೇ ತೆರೆದುಕೊಂಡು ಬನ್ನಿ. ಸಾಲು ಹೊಡೆದುಹಾಕಿ, ೧೯೭೯ ಎಂದು ಬರೆದು, ಅದರ ಕೆಳಗೆ ನನ್ನ ಹೆಸರು ಹಾಕಿಕೊಡುತ್ತೇನೆ. ಮೊದಲ ಪ್ರತಿ ಲವಾನ್ ಅವರದು, ಅವರು ನನ್ನ ಕೈಯಿಂದ ತೆಗೆದುಕೊಳ್ಳುವುದಾದರೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.