ಮಂಡಿಯೂರಿದ ಮಗ ಊಟಕ್ಕೆ ಬಾರದ ಭಾನುವಾರ

ಒಡೆಸಾ ಪೆಟ್‌ವೇ, ವಯಸ್ಸು 57 ವರ್ಷ, ಶಾಲಾ ಬಸ್ ಚಾಲಕಿ, ವಾಸ ಲಾರ್ಚ್ ಬೀದಿ, ಮಾರ್ವೆಲ್ ನಗರ, ಒಹಾಯೊ ರಾಜ್ಯ, ಆದ ನಾನು ಠಾಣೆಯಲ್ಲಿ ಕೇಳಿದ್ದಕ್ಕೆ ಸ್ವ-ಇಚ್ಛೆಯಿಂದ ಹೇಳಿ ಬರೆಯಿಸುವುದೇನೆಂದರೆ:

ನನ್ನ ಗಂಡ ಸೈನ್ಯದಲ್ಲಿದ್ದವರು, ಈಗಿಲ್ಲ. ಒಬ್ಬನೇ ಮಗ ಮಾರ್ಸೆಲಸ್, 26 ವರ್ಷ, ನಮ್ಮೂರ ಫೋರ್ಜರ್ಸ್ ಫುಟ್‌ಬಾಲ್ ತಂಡದಲ್ಲಿ ಸಂಬಳಕ್ಕೆ ಆಡುತ್ತಾನೆ. ಕಳೆದ ಆಗಸ್ಟ್‌ನಲ್ಲಿ ಅವನ ಜೊತೆ ಶಾಲೆಯಲ್ಲಿ ಓದಿದ, ನಮ್ಮಂತೆಯೇ ಕಪ್ಪು ಜನಾಂಗದ ಹುಡುಗನೊಬ್ಬ ಪಕ್ಕದ ಜಿಲ್ಲೆಯಲ್ಲಿ ವಾಹನ ತಪಾಸಣೆಯ ವೇಳೆ ಪೊಲೀಸರ ಗುಂಡಿಗೆ ಸತ್ತ. ಅವನ ಕೈಯಲ್ಲಿ ಇದ್ದದ್ದು ಫೋನ್. ಅಂದಿನಿಂದ ಮಗ ಅದನ್ನು ಪ್ರತಿಭಟಿಸಿ, ಪಂದ್ಯಕ್ಕೆ ಮುಂಚೆ ಬಾವುಟದ ಎದುರು ರಾಷ್ಟ್ರಗೀತೆ ಹಾಡುವಾಗ ಒಂದು ಮಂಡಿಯೂರಿ ಕೂರುತ್ತಾನೆ. ನಾನು ಎದ್ದು ನಿಲ್ಲುತ್ತೇನೆ. ಈ ವಿಷಯವಾಗಿ ನಮ್ಮಿಬ್ಬರಿಗೂ ಜಗಳ ಆಗಿರುತ್ತದೆ. ನಿಮ್ಮಪ್ಪನ ಶವಪೆಟ್ಟಿಗೆ ಮೇಲೆ ಹೊದಿಸಿದ್ದು ಅದೇ ಬಾವುಟ ಕಣೋ ಎಂದು ನಾನು ಹೇಳಿದ್ದಕ್ಕೆ, "ಅದಕ್ಕೇ ಅಮ್ಮಾ, ಅದರ ಎದುರಿಗೇ ಕೇಳ್ತಿರೋದು. ಇನ್ಯಾರನ್ನ ಕೇಳ್ಲಿ?" ಎಂದಿರುತ್ತಾನೆ.

ಆಮೇಲೆ ಮನೆಗೆ ಬೆದರಿಕೆ ಕರೆಗಳು ಬಂದವು. ಯಾರೋ ಅವನ ಹೆಸರಿನ ಆಟದ ಅಂಗಿಯನ್ನು ನಮ್ಮ ಮನೆಯ ಮುಂದಿನ ಹುಲ್ಲಿನ ಮೇಲೆ ಸುಟ್ಟು ಹೋಗಿದ್ದರು. ಬೂದಿಯನ್ನು ನಾನೇ ಗುಡಿಸಿದೆ. ದೂರು ಕೊಟ್ಟಿರುವುದಿಲ್ಲ.

ದಿನಾಂಕ 15-10-2017, ಭಾನುವಾರ ಮಧ್ಯಾಹ್ನ ನಾನು ಪಂದ್ಯ ನೋಡಲು ಹೋಗಿದ್ದೆ. ರಾಷ್ಟ್ರಗೀತೆ ಶುರುವಾದಾಗ ಮಗ ಮಂಡಿಯೂರಿದ. ನನಗಿಂತ ಎರಡು ಸಾಲು ಮುಂದೆ, ಮಾಜಿ ಸೈನಿಕರ ಟೋಪಿ ಹಾಕಿದ್ದ ಒಬ್ಬ ವಯಸ್ಸಾದ ಬಿಳಿಯ ವ್ಯಕ್ತಿ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಹಾಡು ಮುಗಿದ ಕೂಡಲೇ ಆತ, "ಏಯ್ ಪೆಟ್‌ವೇ, ನಮ್ಮನೆಗೆ ಬಾರೋ, ಅಲ್ಲಿ ಕೂತು ತೋರ್ಸು!" ಎಂದು ಕೂಗಿದ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ನಾನು ಅವನ ತಾಯಿ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಪಂದ್ಯ ನಾಲ್ಕೂಕಾಲಿಗೆ ಮುಗಿಯಿತು. ಭಾನುವಾರ ಮಗ ಎಲ್ಲಿದ್ದರೂ ಐದೂವರೆಗೆ ನನ್ನ ಮನೆಗೆ ಊಟಕ್ಕೆ ಬರುತ್ತಾನೆ. ಈ ದಿನ ಬರಲಿಲ್ಲ. ಫೋನ್ ಆಫ್ ಆಗಿತ್ತು. ಬೇಯಿಸಿದ ಸೊಪ್ಪು, ಹಂದಿ ಮಾಂಸ ಎರಡನ್ನೂ ಎರಡು ಸಲ ಬಿಸಿ ಮಾಡಿದೆ. ಆರೂವರೆಗೆ ಕ್ರೀಡಾಂಗಣದಲ್ಲಿ ವಾಹನ ನಿಲ್ಲಿಸುವ ಜಾಗದ ಕಾವಲುಗಾರ, ನನಗೆ ಪರಿಚಯದ ರೂಡಿ ಎಂಬಾತನಿಗೆ ಫೋನ್ ಮಾಡಿದೆ. ಮಾರ್ಸೆಲಸ್‌ನ ಕಾರು ಅಲ್ಲೇ ನಿಂತಿದೆ, ಅವನು ಎಲ್ಡನ್ ಹಾಸ್ಕಿನ್ಸ್ ಎಂಬ ಮುದುಕನ ಟ್ರಕ್ ಹತ್ತಿ ಹೋದ ಎಂದು ರೂಡಿ ತಿಳಿಸಿದ. ಆತ ಯಾರು ಎಂದು ಕೇಳಿದ್ದಕ್ಕೆ, ಮಾಜಿ ಸೈನಿಕ, ತಲೆಯ ಮೇಲೆ ಟೋಪಿ, ಇವತ್ತು ಹಾಡು ಮುಗಿದ ಕೂಡಲೇ ಕೂಗಾಡಿದನಲ್ಲ, ಆತನೇ ಎಂದ.

ನಾನು ಫೋನ್ ಹಿಡಿದುಕೊಂಡು ಅಡಿಗೆಮನೆಯಲ್ಲಿ ನಿಂತೆ. ಪೊಲೀಸರನ್ನು ಕರೆಯಲು ಭಯ, ಕರೆಯದಿರಲೂ ಭಯ. ಕೊನೆಗೆ ಕರೆದೆ. ಕರೆ ತೆಗೆದುಕೊಂಡವರು ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿರುವ ಅಧಿಕಾರಿ ಜಾನೆಟ್ ಕೊವಾಲ್. ಮಗ ಬೂದು ಬಣ್ಣದ ಸ್ವೆಟರ್ ಹಾಕಿದ್ದಾನೆ, ಆರಡಿ ಮೂರಂಗುಲ ಇದ್ದಾನೆ, ಅವನ ಹತ್ತಿರ ಆಯುಧ ಇಲ್ಲ ಎಂದು ಹೇಳಿದೆ. ಆಯುಧ ಇಲ್ಲ ಎಂಬುದನ್ನು ಮೂರು ಸಲ ಹೇಳಿದ್ದೇನೆಂದು ಅಧಿಕಾರಿಯೇ ಈಗ ನೆನಪಿಸುತ್ತಿದ್ದಾರೆ.

ನಾನೂ ಬರುತ್ತೇನೆ ಎಂದು ಹಟ ಹಿಡಿದಾಗ ಅವರು ನನ್ನನ್ನು ತಮ್ಮ ಕಾರಿನಲ್ಲೇ ಕೂರಿಸಿಕೊಂಡರು. ಹಿಂದೆ ಇನ್ನೊಂದು ಕಾರಿನಲ್ಲಿ ಇಬ್ಬರು ಯುವ ಪೊಲೀಸರಿದ್ದರು. ಹಾಸ್ಕಿನ್ಸ್ ಅವರ ಮನೆ ಊರಾಚೆ ಒಂಬತ್ತು ಮೈಲಿ. ಅಂಗಳದಲ್ಲಿ ಟ್ರಕ್ ನಿಂತಿತ್ತು, ಒಳಗೆ ದೀಪ ಇತ್ತು. ಯುವ ಪೊಲೀಸರಿಬ್ಬರೂ ಕಾರಿನ ಬಾಗಿಲ ಹಿಂದೆ ನಿಂತು ಪಿಸ್ತೂಲಿನ ಮೇಲೆ ಕೈ ಇಟ್ಟರು. ಮೊದಲು ನನಗೆ ಫೋನ್ ಮಾಡಲು ಬಿಡಿ ಎಂದು ಬೇಡಿಕೊಂಡೆ. ಅಧಿಕಾರಿ ಕೊವಾಲ್ ಆ ಮನೆಯ ದೂರವಾಣಿಗೆ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಒಬ್ಬ ಹೆಂಗಸು ಎತ್ತಿಕೊಂಡರು. ನಾನು ಮಾರ್ಸೆಲಸ್‌ನ ತಾಯಿ ಎಂದೆ.

"ಅಯ್ಯೋ, ಬನ್ನಿ ಬನ್ನಿ! ಎರಡನೇ ಸಲ ಬಡಿಸ್ತಾ ಇದೀನಿ. ಎಷ್ಟು ಚೆನ್ನಾಗಿ ತಿಂತಾನೆ ನಿಮ್ಮ ಹುಡುಗ!" ಎಂದರು.

ಅವನು ಒಳಗೆ ಊಟ ಮಾಡುತ್ತಿದ್ದಾನೆ ಎಂದು ಅಧಿಕಾರಿ ಕೊವಾಲ್ ಅವರಿಗೆ ಹೇಳಿದೆ. ಆಮೇಲೆ ಮಗನಿಗೆ ಫೋನ್ ಕೊಡಲು ಹೇಳಿ, "ಹೊರಗೆ ಪೊಲೀಸರಿದಾರೆ. ಏನನ್ನೂ ಹಿಡ್ಕೋಬೇಡ. ಕೈ ಎರಡೂ ಕಾಣೋ ಹಾಗೆ ನಿಧಾನಕ್ಕೆ ಬಾ, ಕಂದ" ಎಂದೆ. ಅವನು, "ಸರಿ ಅಮ್ಮಾ" ಎಂದ. ಹೀಗೆ ಬರುವುದನ್ನು ಅವನಿಗೆ ಹನ್ನೊಂದನೇ ವಯಸ್ಸಿನಲ್ಲೇ ಕಲಿಸಿದ್ದೆ.

ಅವನು ಎರಡೂ ಕೈ ಮೇಲೆತ್ತಿಕೊಂಡು ಹೊರಗೆ ಬಂದ. ಬೆನ್ನಿಗೇ ಹಾಸ್ಕಿನ್ಸ್ ಅವರು ಕೊರಳಿಗೆ ಸಿಕ್ಕಿಸಿದ ಊಟದ ಕರವಸ್ತ್ರದೊಂದಿಗೆ ಬಂದು, "ಏನ್ರೀ ಇದು? ನನ್ನ ಮನೆಗೆ ಊಟಕ್ಕೆ ಬಂದೋನು! ಕೈ ಇಳ್ಸೋ ಮಾರಾಯ, ನೀನ್ಯಾಕೆ ಎತ್ಕೊಂಡು ನಿಂತೆ?" ಎಂದರು. ಮಗ, "ಇಳ್ಸಕ್ಕಾಗಲ್ಲ ಸರ್. ಅವರು ಹೇಳೋವರೆಗೂ ಇಳ್ಸಬಾರದು" ಎಂದ. ಹಾಸ್ಕಿನ್ಸ್ ಅವರು ಯುವ ಪೊಲೀಸರ ಕೈ ಎಲ್ಲಿದೆ ಎಂದು ನೋಡಿದರು, ನನ್ನ ಮಗನ ಕೈಗಳನ್ನು ನೋಡಿದರು. ಆಮೇಲೆ ಮೆಟ್ಟಿಲಿಳಿದು ಅವನ ಮುಂದೆ ಬಂದು ನಿಂತರು. ಅಧಿಕಾರಿ ಕೊವಾಲ್, ಎಲ್ಲರೂ ಕೈ ಇಳಿಸಿ ಎಂದು ಹೇಳಿ, ತಮ್ಮ ಸಿಬ್ಬಂದಿಯ ಕಡೆ ತಿರುಗಿ ನೀವೂ ಕೂಡ ಎಂದರು. ಎಲ್ಲರೂ ಇಳಿಸಿದರು.

ಒಳಗೆ ಹೋದಾಗ ನನಗೆ ತಿಳಿದುಬಂದದ್ದು: ಹಾಸ್ಕಿನ್ಸ್ ದಂಪತಿಗಳ ಮಗ ಇರಾಕಿನಲ್ಲಿ ಸತ್ತವನು. ಶ್ರೀಮತಿ ವರ್ನಾ ಹಾಸ್ಕಿನ್ಸ್ ಅವರಿಗೆ ಸೊಂಟ ಮುರಿದು ಹೊರಗೆ ಹೋಗಲಾಗುವುದಿಲ್ಲ. ವಾರವಿಡೀ ಟಿವಿಯ ಮುಂದೆ ಗಂಡನ ಬೈಗುಳ ಕೇಳಿ ಸಾಕಾಗಿ, "ಬೈಯೋದಷ್ಟೇ ಆಯ್ತು, ಯಾಕೆ ಅಂತ ಒಂದು ಸಲನಾದ್ರೂ ಕೇಳಿದೀರಾ? ಕರ್ಕೊಂಡು ಬನ್ನಿ, ನಾನೇ ಕೇಳ್ತೀನಿ" ಎಂದಿದ್ದರಂತೆ. ಮುದುಕ ಪಂದ್ಯ ಮುಗಿದ ಮೇಲೆ ಕ್ರೀಡಾಂಗಣದ ಗೇಟಿನ ಬಳಿ ಕಾದು ನಿಂತು, ನನ್ನ ಹೆಂಡತಿ ನಿನ್ನನ್ನ ಕರೀತಿದಾಳೆ ಎಂದಾಗ ಮಗ ಹೊರಟುಬಂದಿದ್ದಾನೆ. ಫೋನಿನ ಚಾರ್ಜ್ ಮುಗಿದಿತ್ತು. ನನಗೆ ತಿಳಿಸಲು ಯಾಕೆ ಮರೆತೆ ಎಂದು ಕೇಳಿದ್ದಕ್ಕೆ, "ಅವರು ಮಗನ ಫೋಟೋ ತೋರಿಸ್ತಿದ್ರಮ್ಮ. ಮಧ್ಯ ಹೇಗೆ ಎದ್ದು ಬರ್ಲಿ?" ಎಂದ. ನಾನು ಅವನ ಭುಜಕ್ಕೆ ಒಂದು ಏಟು ಕೊಟ್ಟಿದ್ದು ನಿಜ. ಆಮೇಲೆ ಬಿಗಿಯಾಗಿ ಹಿಡಿದುಕೊಂಡೆ.

ಹೊರಡುವಾಗ ಹಾಸ್ಕಿನ್ಸ್ ಅವರು ನನಗೆ, "ಈಗ್ಲೂ ಹೇಳ್ತೀನಿ ತಾಯಿ, ಎದ್ದು ನಿಲ್ಬೇಕು ಅವನು" ಎಂದರು. ನಾನೂ ಹಾಗೇ ಅಂತೀನಿ ಎಂದೆ. ಅವರು ಅಂಗಳದ ಕಡೆ ನೋಡಿ, "ಆದ್ರೆ ಇನ್ಮೇಲೆ ನಾನು ಕೂಗಲ್ಲ" ಎಂದರು.

ಎಲ್ಡನ್ ಹಾಸ್ಕಿನ್ಸ್ ಅವರ ಮೇಲಾಗಲಿ ಬೇರೆ ಯಾರ ಮೇಲಾಗಲಿ ನನ್ನದು ಯಾವ ದೂರೂ ಇಲ್ಲ. ಮಗ ಕಾಣೆಯಾಗಿದ್ದಾನೆ ಎಂದು ಕೊಟ್ಟ ದೂರನ್ನು ಹಿಂಪಡೆಯುತ್ತೇನೆ. ಈ ಹೇಳಿಕೆ ಬರೆಯಿಸಲು ನನ್ನ ಜೊತೆ ಬಂದ ಅವನು ಸದ್ಯ ಠಾಣೆಯ ಬೆಂಚಿನ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಾನೆ. ಇಷ್ಟು ಜನ ಪೊಲೀಸರ ನಡುವೆ ಅವನು ನಿದ್ದೆ ಮಾಡುವುದನ್ನು ನೋಡುತ್ತೇನೆಂದು ನಾನು ಅಂದುಕೊಂಡಿರಲಿಲ್ಲ. ಇನ್ನೈದು ನಿಮಿಷ ಬಿಟ್ಟು ಎಬ್ಬಿಸಿ ಮನೆಗೆ ಕರೆದುಕೊಂಡು ಹೋಗಲು ಅನುಮತಿ ಕೋರುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ಮಾರ್ವೆಲ್ ನಗರ ಪೊಲೀಸ್ ಠಾಣೆ
ದಿನಾಂಕ: 15-10-2017
ಸಹಿ: ಒಡೆಸಾ ಪೆಟ್‌ವೇ